ಮಾಲ್ಗುಡಿಯ ಮಳೆ ಎಲ್ಲಿಂದ ಬರುತ್ತದೆ?

ನಾರಾಯಣಗೂಡದ ನಮ್ಮ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಕನ್ನಡದ ಗಲಾಟೆ ಶುರುವಾಗುತ್ತದೆ. ಅಕ್ಕಪಕ್ಕದ ಬೀದಿಗಳ ನಾಲ್ಕು ಕನ್ನಡ ಮನೆಗಳ ಮಕ್ಕಳು ಸೇರುತ್ತಾರೆ. ಎಲ್ಲರಿಗೂ ಹನ್ನೊಂದರಿಂದ ಹದಿನೈದರೊಳಗಿನ ವಯಸ್ಸು. ಅಕ್ಷರ ತಿದ್ದಿಸುವ ಕಾಲ ಮುಗಿದಿದೆ, ಕಾದಂಬರಿ ಓದಿಸುವ ಕಾಲ ಇನ್ನೂ ಬಂದಿಲ್ಲ. ನಡುವಿನ ಈ ಅವಧಿಗೆ ಏನು ಮಾಡೋಣ ಎಂದು ಯೋಚಿಸಿ, ಎಲ್ಲರೂ ಸೇರಿ ಒಂದು ಊಹೆಯ ಸೀಮೆ ಕಟ್ಟಿ, ಕತೆಗಳೆಲ್ಲ ಅಲ್ಲಿಯೇ ನಡೆಯಲಿ ಎಂದೆವು. ಹೆಸರು ಮಕ್ಕಳೇ ಇಟ್ಟರು, ಮುಗಿಲೂರು ಸೀಮೆ. ಒಬ್ಬೊಬ್ಬರಿಗೆ ಒಂದೊಂದು ಊರು. ಒಬ್ಬರ ಪಾತ್ರ ಇನ್ನೊಬ್ಬರ ಊರಿನ ಸಂತೆಗೆ ಬರಬಹುದು, ಅಲ್ಲಿ ಜಗಳವಾಡಬಹುದು, ಆದರೆ ಊರಿನ ಯಜಮಾನರನ್ನು ಕೇಳದೆ ಯಾರನ್ನೂ ಸಾಯಿಸುವಂತಿಲ್ಲ. ಈ ಕೊನೆಯ ನಿಯಮ ಮಾಡಬೇಕಾಗಿ ಬಂದದ್ದು ಎರಡನೇ ವಾರವೇ.

ಮೂರನೇ ವಾರ ಮಳೆಯ ಜಗಳ ಬಂತು. ನನ್ನ ಮಗಳ ಊರು ಮಲೆನಾಡಿನಂಥದು, ಕಾಡು, ಹಂಚಿನ ಮನೆ, ಬಿಡದ ಮಳೆ. ಅದರ ಪಕ್ಕದ ಊರು ಸಿಂಧನೂರು ಮೂಲದ ಹುಡುಗನದು. ಅಲ್ಲಿ ಕಪ್ಪು ಮಣ್ಣು, ಜೋಳ, ಬಿಸಿಲು. ಅವನು ನಕ್ಷೆ ಹಿಡಿದು ಬಂದ. "ಅಂಕಲ್, ಆಕಿ ಊರಾಗ ಮೂರು ತಿಂಗಳು ಬಿಡದಂಗ ಮಳಿ ಹೊಡಿತದ. ನಮ್ಮೂರು ಅಲ್ಲಿಂದ ಎರಡು ಮೈಲಿ. ನಮ್ಮೂರಾಗ ಒಂದು ಹನಿನೂ ಯಾಕ ಇಲ್ಲ?"

ಪ್ರಶ್ನೆ ಸರಿಯಾದದ್ದೇ. ನನ್ನ ಕೆಲಸದಲ್ಲಿ ಇದನ್ನು ಡಿಪೆಂಡೆನ್ಸಿ ಎನ್ನುತ್ತೇವೆ. ಎರಡು ತಂಡಗಳು ತಮ್ಮ ತಮ್ಮ ಪಾಲಿನದನ್ನು ಚೆನ್ನಾಗಿಯೇ ಮಾಡಿರುತ್ತವೆ, ಜೋಡಿಸುವ ದಿನ ನೋಡಿದರೆ ಒಂದಕ್ಕೊಂದು ಕೂಡುವುದಿಲ್ಲ.

ನಾನು ಪೆನ್ಸಿಲ್ ತೆಗೆದುಕೊಂಡು ಎರಡೂ ಊರಿನ ನಡುವೆ ಒಂದು ಬೆಟ್ಟದ ಸಾಲು ಎಳೆದೆ. ಪಡುವಣ ಸಮುದ್ರದ ಕಡೆಯಿಂದ ನೀರು ತುಂಬಿದ ಗಾಳಿ ಬರುತ್ತದೆ, ಬೆಟ್ಟ ಅಡ್ಡ ಬಂದಾಗ ಮೇಲೇರಿ ತಣ್ಣಗಾಗುತ್ತದೆ, ಹೊತ್ತದ್ದನ್ನು ಅಲ್ಲೇ ಸುರಿಯುತ್ತದೆ, ಆಚೆ ಬದಿಗೆ ಇಳಿಯುವ ಹೊತ್ತಿಗೆ ಬರಿಗೈ ಆಗಿರುತ್ತದೆ. ಘಟ್ಟದ ನೆತ್ತಿಯ ಆಗುಂಬೆಗೆ ವರ್ಷಕ್ಕೆ 7,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ತೊಂಬತ್ತು ಕಿಲೋಮೀಟರ್ ಒಳಗೆ ಬಂದರೆ ಶಿವಮೊಗ್ಗ ಪಟ್ಟಣಕ್ಕೆ ಸಾವಿರದ ಆಸುಪಾಸು. ಇನ್ನೂ ಮೂಡಣಕ್ಕೆ ಹೋಗಿ ಚಳ್ಳಕೆರೆ ಸೇರಿದರೆ ಐನೂರು ಬಿದ್ದರೆ ಪುಣ್ಯ. ಹಾಗಾಗಿ ಹುಡುಗನ ಊರನ್ನು ಎರಡು ಮೈಲಿಯಿಂದ ಎರಡು ದಿನದ ಎತ್ತಿನಗಾಡಿ ದಾರಿಯಷ್ಟು ದೂರಕ್ಕೆ ಸರಿಸಿದೆವು. ಇಬ್ಬರೂ ಒಪ್ಪಿದರು. ಆದರೆ ನನಗೆ ಬೇರೆಯದೇ ಒಂದು ಹುಳ ತಲೆಗೆ ಹೊಕ್ಕಿತು. ಹಲವರು ಸೇರಿ ಬಳಸುವ ಊಹೆಯ ಲೋಕಕ್ಕೆ ಹವೆ ಗೊತ್ತುಮಾಡುವ ಈ ಕೆಲಸವನ್ನು ನಮಗಿಂತ ಮುಂಚೆ ಯಾರು ಮಾಡಿದ್ದರು?

ತುಂಬ ಜನ ಮಾಡಿದ್ದರು, ಅದೂ ಲಿಖಿತ ನಿಯಮಗಳ ಸಮೇತ. ಮಹಾಕಾವ್ಯವೆಂದರೆ ಅದರಲ್ಲಿ ಊರು, ಕಡಲು, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ ಎಲ್ಲ ಬರಬೇಕೆಂದು ದಂಡಿ ತನ್ನ ಕಾವ್ಯಾದರ್ಶದಲ್ಲಿ ಹೇಳಿದ್ದ. 9ನೇ ಶತಮಾನದ ಕವಿರಾಜಮಾರ್ಗ ಆ ದಾರಿಯನ್ನೇ ಕನ್ನಡಕ್ಕೆ ತಂದಿತು. ಇದೇ ಮುಂದೆ ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಅಷ್ಟಾದಶ ವರ್ಣನೆ. ಹೆಚ್ಚು ಮೋಜಿನವನು ರಾಜಶೇಖರ. 10ನೇ ಶತಮಾನದ ಆರಂಭದ ಹೊತ್ತಿಗೆ ಅವನು ಬರೆದ ಕಾವ್ಯಮೀಮಾಂಸೆಯಲ್ಲಿ ದೇಶವಿಭಾಗಕ್ಕೆ ಒಂದು ಅಧ್ಯಾಯ, ಕಾಲವಿಭಾಗಕ್ಕೆ ಇನ್ನೊಂದು. ಯಾವ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾವ ಋತುವಿನಲ್ಲಿ ಯಾವ ಗಾಳಿ, ಯಾವ ಹೂವು, ಯಾವ ಹಕ್ಕಿ ಎಂಬ ಲೆಕ್ಕ. ಕವಿಸಮಯ ಎಂದು ಬೇರೆಯೇ ಒಂದು ಪಟ್ಟಿ. ಅದರ ಪ್ರಕಾರ ಕೋಗಿಲೆ ವಸಂತದಲ್ಲಿ ಮಾತ್ರ ಹಾಡಬೇಕು. ನವಿಲು ಮಳೆಗಾಲದಲ್ಲಿ ಮಾತ್ರ ಕುಣಿಯಬೇಕು. ನೀರಿದ್ದಲ್ಲೆಲ್ಲ ಹಂಸ ಇರಬಹುದು, ಹರಿಯುವ ನದಿಯಲ್ಲೂ ತಾವರೆ ಅರಳಬಹುದು. ನಿಜದಲ್ಲಿ ಹಾಗಿಲ್ಲ ಎನ್ನುವುದು ಅವನಿಗೂ ಗೊತ್ತು. ಗೊತ್ತಿದ್ದೇ, ಕವಿಗಳೆಲ್ಲ ಇದನ್ನು ಒಪ್ಪಿಕೊಂಡಿದ್ದಾರೆ, ನೀನೂ ಒಪ್ಪಿಕೋ ಎನ್ನುತ್ತಾನೆ.

ನೂರಾರು ಕವಿಗಳು ಸಾವಿರ ವರ್ಷ ಹಂಚಿಕೊಂಡು ಬಳಸಿದ ಲೋಕ ಅದು. ಕಾಶ್ಮೀರದವನು ಬರೆದ ಮಳೆಗಾಲ ಮಾನ್ಯಖೇಟದವನಿಗೆ ಅರ್ಥವಾಗಬೇಕಾದರೆ ಇಂಥ ಒಪ್ಪಂದ ಬೇಕೇ ಬೇಕು. ಅದಕ್ಕೆ ತೆತ್ತ ಬೆಲೆಯೂ ಇದೆ. ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರರಲ್ಲಿ ಬದುಕುವ ನಮ್ಮ ನಾಡಿನ ಕವಿ ಆರು ಋತುಗಳನ್ನು ಲೆಕ್ಕ ಒಪ್ಪಿಸುವವನಂತೆ ಬರೆದ. ಮಳೆಗಾಲ ಬಂತೆಂದರೆ ಹಂಸಗಳೆಲ್ಲ ಮಾನಸ ಸರೋವರಕ್ಕೆ ಹೊರಡಲೇಬೇಕು, ಹೊರಡುವ ಊರು ಬನವಾಸಿಯಾದರೂ ಸರಿ. ಹಳಗನ್ನಡ ಕಾವ್ಯಗಳ ಎಷ್ಟೋ ಋತುವರ್ಣನೆಗಳನ್ನು ನಾನು ಹಾರಿಸಿ ಓದಿದ್ದೇನೆ ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ನಾಚಿಕೆಯಿಲ್ಲ.

ಬನವಾಸಿ ಎಂದಾಗ ಪಂಪ ನೆನಪಾಗದಿರುತ್ತಾನೆಯೇ? ಅವನ ವಿಷಯದಲ್ಲಿ ಹೈದರಾಬಾದಿನ ನಮಗೆ ಒಂದು ವಿಶೇಷ ಹಕ್ಕಿದೆ, ನಾವು ಅದನ್ನು ಬಳಸಿಕೊಳ್ಳುವುದಿಲ್ಲ. ಅವನ ಆಶ್ರಯದಾತ ಇಮ್ಮಡಿ ಅರಿಕೇಸರಿ ವೇಮುಲವಾಡದ ದೊರೆ. ವೇಮುಲವಾಡ ಇಂದಿನ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ, ನಮ್ಮಿಂದ ಸುಮಾರು 150 ಕಿಲೋಮೀಟರ್. ಇಲ್ಲಿನವರು ರಾಜರಾಜೇಶ್ವರನ ದರ್ಶನಕ್ಕೆ ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಪಂಪನ ತಮ್ಮ ಜಿನವಲ್ಲಭ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಬರೆಸಿದ ಕುರ್ಕ್ಯಾಲದ ಶಾಸನ ಇರುವುದೂ ಕರೀಂನಗರದ ಆ ಕಡೆಯೇ. ಹೀಗೆ ತೆಲುಗು ನಾಡಿನ ಆಸ್ಥಾನದ ಕವಿ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದಾಗ, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದ. ಅಲ್ಲಿ ತೆಂಕಣ ಗಾಳಿ ಮೈಸೋಕುವ, ಮಲ್ಲಿಗೆ ಅರಳುವ, ಒಳ್ಳೆಯ ಹಾಡು ಕಿವಿಗೆ ಬೀಳುವ ಗಳಿಗೆಗಳಲ್ಲೆಲ್ಲ ಮನಸ್ಸು ಆ ನಾಡಿನತ್ತ ತಿರುಗುತ್ತದೆ ಎಂದ. ಆ ಪದ್ಯಗಳು ನಿಮಗೆ ಗೊತ್ತು, ಇಲ್ಲಿ ಮತ್ತೆ ಬರೆಯುವುದಿಲ್ಲ.

ನನಗೆ ಮುಖ್ಯವೆನಿಸುವುದು ಆ ಗಾಳಿ. ತೆಂಕಣ ಗಾಳಿ ಕವಿಸಮಯದ ಸರಕೇ, ಮಲಯ ಪರ್ವತದ ಗಂಧ ಹೊತ್ತು ಬರುವ ಅದೇ ಹಳೆಯ ಮಾರುತ. ಪಂಪ ನಿಯಮ ಮುರಿಯಲಿಲ್ಲ. ಎಲ್ಲರಿಗೂ ಸೇರಿದ ಗಾಳಿಯನ್ನು ತೆಗೆದುಕೊಂಡು ಅದಕ್ಕೊಂದು ಕೆಲಸ ಕೊಟ್ಟ. ಅದು ಬೀಸಿದರೆ ಒಬ್ಬ ಮನುಷ್ಯನಿಗೆ ಏನೋ ಆಗುತ್ತದೆ, ಒಂದು ಊರು ನೆನಪಾಗುತ್ತದೆ. ಹಾರಿಸಿ ಓದುವ ಋತುವರ್ಣನೆಗಳಲ್ಲಿ ಗಾಳಿ ಬೀಸುತ್ತದೆ, ಯಾರಿಗೂ ಏನೂ ಆಗುವುದಿಲ್ಲ.

ಕುವೆಂಪು ಮಾಡಿದ್ದು ಇನ್ನೊಂದು ಬಗೆ. ರಾಮಾಯಣದಲ್ಲಿ ಮಳೆ ಕತೆಯನ್ನೇ ತಡೆದು ನಿಲ್ಲಿಸುತ್ತದೆ. ವಾಲಿಯ ವಧೆಯಾದ ಮೇಲೆ ಸೀತೆಯನ್ನು ಹುಡುಕಲು ತಕ್ಷಣ ಹೊರಡುವಂತಿಲ್ಲ, ಮಳೆಗಾಲ ಮುಗಿಯುವವರೆಗೆ ರಾಮ ಬೆಟ್ಟದಲ್ಲಿ ಕಾಯಬೇಕು. ನಾವು ಕಿಷ್ಕಿಂಧೆ ಎನ್ನುವ ಹಂಪಿ ಬಯಲುಸೀಮೆ, ಬಂಡೆಯ ನಾಡು. ಅಲ್ಲಿ ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ಮಳೆ ಎಂದರೆ ಅಲ್ಲಿನವರು ನಗುತ್ತಾರೆ. ಆದರೆ 1949ರ ಶ್ರೀ ರಾಮಾಯಣ ದರ್ಶನಂನಲ್ಲಿ ರಾಮನನ್ನು ಕಾಯಿಸುವುದು ಕುಪ್ಪಳಿಯ ಮಳೆ. ಭೂಗೋಳ ತಪ್ಪಿದೆ, ಕಾರಣ ತಪ್ಪಿಲ್ಲ. ಅಂಥ ಮಳೆಯಲ್ಲಿ ಯಾವ ಸೈನ್ಯವೂ ಕದಲುವುದಿಲ್ಲ ಎಂದು ತೀರ್ಥಹಳ್ಳಿ ಕಡೆಯ ಯಾರೂ ಒಪ್ಪುತ್ತಾರೆ. ನಾನೂ ಅದೇ ಕಡೆಯವನು, ಆದ್ದರಿಂದ ಈ ತೀರ್ಪಿನಲ್ಲಿ ಪಕ್ಷಪಾತ ಇರಬಹುದು.

ಮಕ್ಕಳಿಗೆ ಇವರ ಕತೆ ಹೇಳಿದರೆ ಆಕಳಿಸುತ್ತಾರೆ. ಮಾಲ್ಗುಡಿ ಎಂದರೆ ಕಿವಿ ನಿಮಿರುತ್ತದೆ, ಯೂಟ್ಯೂಬಿನ ದಯೆ. ನನಗೂ ಈ ಇಡೀ ವಿಷಯದಲ್ಲಿ ಅತ್ಯಂತ ರುಚಿಯಾದ ಕೇಸು ಅದೇ.

1930ರ ಸೆಪ್ಟೆಂಬರಿನ ಒಂದು ದಿನ, ಅಜ್ಜಿ ನೋಡಿಕೊಟ್ಟ ಶುಭದಿನದಂದು, ಬೆಂಗಳೂರಿನಲ್ಲಿ ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ ಕೊಂಡು ಬರೆಯಲು ಕೂತರು. ಮೊದಲು ಕಣ್ಣಿಗೆ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ. ಊರು ಆಮೇಲೆ ಬೆಳೆಯಿತು. 1935ರಲ್ಲಿ ಸ್ವಾಮಿ ಅಂಡ್ ಫ್ರೆಂಡ್ಸ್ ಅಚ್ಚಾದಾಗ ಮಾಲ್ಗುಡಿಗೆ ಸರಯೂ ನದಿ ಇತ್ತು, ಮೆಂಪಿ ಕಾಡಿತ್ತು, ಏಪ್ರಿಲ್ ಬಿಸಿಲಿತ್ತು. ಮುಂದಿನ ಅರುವತ್ತು ವರ್ಷ ಅವರು ಅದೇ ಊರಿಗೆ ಬೀದಿ, ಅಂಗಡಿ, ಪ್ರತಿಮೆ ಸೇರಿಸುತ್ತ ಹೋದರು. ಅಮೆರಿಕದ ವಿದ್ವಾಂಸರೊಬ್ಬರು ಕಾದಂಬರಿಗಳನ್ನೆಲ್ಲ ಓದಿ ಊರಿನ ನಕ್ಷೆಯನ್ನೇ ಬರೆದರು. ಮೈಸೂರಿನಲ್ಲಿ ಬದುಕಿದ ಲೇಖಕ, ಇಂಗ್ಲಿಷ್ ಭಾಷೆ, ಮದರಾಸಿನ ಕಡೆಗೆ ಹೋಗುವ ರೈಲು. ಊರು ಎಲ್ಲಿದೆ ಎಂದು ಕೇಳಿದರೆ ಬೆರಳಿಡಲು ಜಾಗವಿಲ್ಲ. ಆದರೆ ಹವೆ ಎಂಥದೆಂದು ಕೇಳಿದರೆ ಹೇಳಬಹುದು. ಸೆಕೆಯ ಬಯಲೂರು. ದೂರದ ಮೆಂಪಿ ಬೆಟ್ಟದಲ್ಲಿ ಮಳೆಯಾದರೆ ಸರಯೂ ಮೈತುಂಬುತ್ತದೆ, ಆಗದಿದ್ದರೆ ಮರಳು.

1958ರ ದಿ ಗೈಡ್ ನಿಂತಿರುವುದು ಇದರ ಮೇಲೆ. ಕತೆ ನಿಮಗೆ ತಿಳಿದದ್ದೇ. ಜೈಲಿನಿಂದ ಬಂದ ರಾಜುವನ್ನು ಮಂಗಲ ಗ್ರಾಮದವರು ಸ್ವಾಮಿ ಎಂದು ನಂಬುತ್ತಾರೆ, ಬರ ಬರುತ್ತದೆ, ಮಳೆಗಾಗಿ ಅವನು ಹನ್ನೆರಡು ದಿನ ಉಪವಾಸ ಕೂರಬೇಕಾಗುತ್ತದೆ. ಈ ಬರ ಎಲ್ಲಿಂದ ಬಂತೆಂದು ನಾರಾಯಣ್ ತಮ್ಮ ಆತ್ಮಕತೆ ಮೈ ಡೇಸ್‌ನಲ್ಲಿ ಹೇಳಿದ್ದಾರೆ. ಒಮ್ಮೆ ಮೈಸೂರಿನಲ್ಲಿ ಘೋರ ಬರ ಬಂದು ಕೃಷ್ಣರಾಜಸಾಗರದ ತಳ ಬಿರಿದು, ಮುಳುಗಿದ್ದ ಹಳೆಯ ದೇವಸ್ಥಾನ ಮೇಲೆ ಕಂಡಿತ್ತಂತೆ. ಮಳೆಗಾಗಿ ಪ್ರಾರ್ಥನೆ ಏರ್ಪಾಡಾಯಿತು. ಒಣಗಿದ ಕಾವೇರಿಯಲ್ಲಿ ಎಲ್ಲಿಂದಲೋ ತಂದ ಮೊಣಕಾಲುದ್ದ ನೀರಿನಲ್ಲಿ ಬ್ರಾಹ್ಮಣರು ನಿಂತು ಉಪವಾಸವಿದ್ದು ಜಪ ಮಾಡಿದರು, ಹನ್ನೆರಡನೇ ದಿನ ಮಳೆ ಬಂತು. ಇದನ್ನು ತಲೆಯಲ್ಲಿ ಹೊತ್ತು ಅವರು ಕಾದಂಬರಿ ಬರೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಹೋಟೆಲಿನಲ್ಲಿ ಕೂತು. ವೇಮುಲವಾಡದಲ್ಲಿ ಬನವಾಸಿ, ಬರ್ಕ್ಲಿಯಲ್ಲಿ ಕಾವೇರಿ.

ನಿಜದ ಮೈಸೂರಿನಲ್ಲಿ ಮಳೆ ಬಂತು. ಕಾದಂಬರಿಯಲ್ಲಿ? ಕೊನೆಯ ಬೆಳಗ್ಗೆ ನೀರಿನಲ್ಲಿ ನಿಂತ ರಾಜುವಿಗೆ ಬೆಟ್ಟದಲ್ಲಿ ಮಳೆಯಾಗುತ್ತಿದೆ, ಅದು ತನ್ನ ಕಾಲಿನಲ್ಲಿ ಏರುತ್ತಿದೆ ಎನಿಸುತ್ತದೆ. ಅವನು ಕುಸಿಯುತ್ತಾನೆ, ಪುಸ್ತಕ ಮುಗಿಯುತ್ತದೆ. ಮಳೆ ಬಂತೋ ಇಲ್ಲವೋ ಲೇಖಕ ಹೇಳುವುದಿಲ್ಲ. ಹೇಳದಿದ್ದರೂ ನಾವು ನಂಬುವುದಕ್ಕೆ ಕಾರಣ, ಬೆಟ್ಟದಲ್ಲಿ ಬಿದ್ದರೆ ಬಯಲಿಗೆ ನೀರು ಬರುವ ಊರು ಇದು ಎಂದು ಮೊದಲಿಂದ ಗೊತ್ತಿರುವುದು. 1965ರ ಹಿಂದಿ ಸಿನಿಮಾದಲ್ಲಿ ಈ ಕಷ್ಟವಿಲ್ಲ, ಮಳೆ ಧಾರಾಳವಾಗಿ ಸುರಿಯುತ್ತದೆ. ಸಿನಿಮಾದವರಿಗೆ ನಾರಾಯಣ್ ಮೈಸೂರಿನ ಸುತ್ತಮುತ್ತ ಜಾಗ ತೋರಿಸಿಕೊಂಡು ಬಂದಿದ್ದರು. ಆಮೇಲೆ ನೋಡಿದರೆ ಮಾಲ್ಗುಡಿ ರಾಜಸ್ಥಾನಕ್ಕೆ ಹೋಗಿತ್ತು. ಆ ಸಿಟ್ಟನ್ನು ಅವರು ದಿ ಮಿಸ್‌ಗೈಡೆಡ್ ಗೈಡ್ ಎಂಬ ಪ್ರಬಂಧವಾಗಿ ಬರೆದರು. ಓದಿದರೆ ನಗು ಬರುತ್ತದೆ, ಆದರೆ ಸಿಟ್ಟು ನಿಜದ್ದು. ಮೂವತ್ತು ವರ್ಷ ಕಟ್ಟಿದ ಊರಿನ ಗಾಳಿ, ಬೆಳಕು, ನೀರನ್ನು ಬೇರೆಯವರು ಕೇಳದೆ ಬದಲಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಆಮೇಲೆ ಇನ್ನೊಬ್ಬರು ಬಂದು ಮಾಲ್ಗುಡಿಯನ್ನು ಪೂರ್ತಿ ಎದುರು ದಿಕ್ಕಿಗೆ ಒಯ್ದರು. 1986ರಲ್ಲಿ ದೂರದರ್ಶನದಲ್ಲಿ ಬಂದ ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಚಿತ್ರೀಕರಣವಾದದ್ದು ಆಗುಂಬೆಯಲ್ಲಿ. ಮರಳುಗಾಡಿನ ಕಡೆ ಹೋಗಿದ್ದ ಊರು ಈ ಸಲ 7,500 ಮಿಲಿಮೀಟರಿನ ಊರಿಗೆ ಬಂತು! ಇಲ್ಲಿ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಿದ ಬೀದಿಯೇ ಮಾಲ್ಗುಡಿ ಎಂದು ದೇಶ ನಂಬಿತು. ನಿಲ್ದಾಣದ ದೃಶ್ಯಗಳನ್ನು ತೆಗೆದ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡವನ್ನು ರೈಲ್ವೆಯವರು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಆದರೆ ಒಮ್ಮೆ ಆ ಸರಣಿಯ ಮನೆಗಳನ್ನು ಗಮನಿಸಿ ನೋಡಿ. ಕಡಿದಾಗಿ ಇಳಿದ ಹಂಚಿನ ಮಾಡು, ಜಗಲಿಯನ್ನು ದಾಟಿ ಮುಂದೆ ಚಾಚಿದ ಸೂರು, ಮಣ್ಣಿನ ಮೇಲೆ ಎತ್ತರಕ್ಕೆ ಕಟ್ಟಿದ ಜಗಲಿ. ಚೆನ್ನಾಗಿ ಬಿಸಿಲಿರುವ ದೃಶ್ಯದಲ್ಲೂ ಆ ಮಾಡು ಮಳೆಯ ಮಾತನ್ನೇ ಆಡುತ್ತಿರುತ್ತದೆ. ಏಪ್ರಿಲ್ ಸೆಕೆಯ ಬಯಲೂರಿಗೆ ಅಂಥ ಮಾಡಿನ ಅಗತ್ಯವೇ ಇಲ್ಲ. ಶಂಕರ್‌ನಾಗ್ ಒಂದೇ ಒಂದು ಮಳೆ ದೃಶ್ಯ ತೆಗೆಯದಿದ್ದರೂ ಮಾಲ್ಗುಡಿಯ ಹವೆ ಬದಲಾಗುತ್ತಿತ್ತು ಎಂದು ನನಗನ್ನಿಸುತ್ತದೆ. ರಾಜಸ್ಥಾನ ಒಗ್ಗದೆ ಆಗುಂಬೆ ಒಗ್ಗಿದ್ದು ಏಕೆ? ಅಲ್ಲಿ ಮಾಡು, ಜಗಲಿ, ಮರ, ಜನ ಎಲ್ಲ ಒಂದೇ ಮಳೆಗೆ ಒಗ್ಗಿಕೊಂಡವು, ಒಂದಕ್ಕೊಂದು ಸಾಕ್ಷಿ. ಮೂಲ ಪುಸ್ತಕದ ಹವೆಯೊಂದಿಗೆ ಹೊಂದದಿದ್ದರೂ ತಮ್ಮೊಳಗೆ ಹೊಂದಿಕೊಂಡಿವೆ. ಇದನ್ನು ಮಕ್ಕಳಿಗೆ ತೋರಿಸಿದಾಗ ಸಿಂಧನೂರಿನ ಹುಡುಗ ಆ ವಾರವೇ ತನ್ನ ಊರಿನ ಮನೆಗಳ ಹಂಚು ಕಿತ್ತು ಮಣ್ಣಿನ ಮಾಳಿಗೆ ಹಾಕಿಸಿದ.

ಇನ್ನು ಗೈಡ್‌ನ ಬರಕ್ಕೆ ಕಾರಣವಾದ ಕೃಷ್ಣರಾಜಸಾಗರದ ಹಿಂದಿದ್ದ ವಿಶ್ವೇಶ್ವರಯ್ಯನವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಹೋಗುವ ಮುನ್ನ ಇದ್ದದ್ದು ನಮ್ಮ ಹೈದರಾಬಾದಿನಲ್ಲಿ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಮೇಲ್ಗಡೆ ಸೀಮೆಯಲ್ಲಿ ಸುರಿದ ಮಳೆಗೆ ಕೆರೆಗಳು ಸಾಲಾಗಿ ಒಡೆದು ಆ ನೀರೆಲ್ಲ ಊರಿಗೆ ನುಗ್ಗಿತ್ತು. ಅವರ ಸಲಹೆಯಂತೆ ಊರಿನ ಮೇಲ್ಭಾಗದಲ್ಲಿ ಕಟ್ಟಿದ ಜಲಾಶಯಗಳೇ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ. ಎಲ್ಲೋ ಬಿದ್ದ ಮಳೆ ಇನ್ನೆಲ್ಲೋ ಕತೆಯಾಗುವುದಕ್ಕೆ ಮೆಂಪಿ ಬೆಟ್ಟವೇ ಬೇಕೆಂದಿಲ್ಲ.

ಹವೆಯ ಪದಗಳೂ ಹೀಗೆಯೇ ಊರಿನಿಂದ ಊರಿಗೆ ಅರ್ಥ ಬದಲಿಸುತ್ತವೆ. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ತೆಲುಗರಲ್ಲಿ ಅದೇ ನಕ್ಷತ್ರ, ಅದೇ ತಾರೀಖು, ಹೆಸರು ಕಾರ್ತೆ. ಮೇ 25ರ ಹೊತ್ತಿಗೆ ರೋಹಿಣಿ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎಂದು ಗಾದೆ. ನಮ್ಮ ವಾಚ್‌ಮನ್ನನ್ನು ಕೇಳಿದರೆ ರೋಹಿಣಿ ಕಾರ್ತೆ ಎಂದರೆ ಬಂಡೆ ಸೀಳುವ ಬಿಸಿಲು. ಒಂದೇ ನಕ್ಷತ್ರ ಅಲ್ಲಿ ಬಿತ್ತನೆ, ಇಲ್ಲಿ ಬೆಂಕಿ. ಜೂನ್ 8ರ ಆಸುಪಾಸಿನ ಮೃಗಶಿರಕ್ಕೆ ಇಲ್ಲಿ ಮನೆಮನೆಯಲ್ಲಿ ಮೀನು, ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಆಸ್ತಮಾಕ್ಕೆ ಮೀನಿನ ಮದ್ದು ನುಂಗಲು ಉದ್ದುದ್ದ ಸಾಲು. ಮುಗಿಲೂರು ಸೀಮೆಗೂ ಈ ನಕ್ಷತ್ರಗಳನ್ನೇ ಪಂಚಾಂಗ ಮಾಡಿದೆವು. ಊರು ಬೇರೆಯಾದರೆ ಅದೇ ಹೆಸರಿಗೆ ಬೇರೆ ಅರ್ಥ ಎನ್ನುವುದು ಮಕ್ಕಳಿಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಆದ ಮೇಲೆ ಮಗಳು ತನ್ನ ಕತೆಯ ಮೂರನೇ ಅಧ್ಯಾಯ ತಂದುಕೊಟ್ಟಳು. ಆರಿದ್ರೆ ಮಳೆ, ಹೊಳೆ ತುಂಬಿದೆ, ಸಂಕ ಕೊಚ್ಚಿಹೋಗಿದೆ, ಶಾಲೆಗೆ ರಜೆ. ಬರವಣಿಗೆ ಚೆನ್ನಾಗಿತ್ತು. ಎರಡನೇ ಪುಟದಲ್ಲಿ ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತ ಕೂತಿದ್ದಾಳೆ. ಮಕ್ಕಳು ಹೊಳೆಯ ಬಂಡೆಯಿಂದ ಬಂಡೆಗೆ ಹಾರುತ್ತಿದ್ದಾರೆ. ಮೇಲೆ ಮೂರು ತಿಂಗಳ ಮಳೆ, ಕೆಳಗೆ ಒಣಗುತ್ತಿರುವ ಹಪ್ಪಳ!

ನಗು ಬಂತು. ಬೇರೆ ಮಕ್ಕಳು ಯಾರೂ ಗಮನಿಸಿರಲಿಲ್ಲ. ಅವಳಿಗೆ ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಅವಳು ಬರೆದದ್ದು ತನಗೆ ಗೊತ್ತಿದ್ದ ಊರನ್ನೇ. ಇಲ್ಲಿನ ಶಾಲೆಗೆ ಏಪ್ರಿಲ್ ಕೊನೆಯಲ್ಲಿ ರಜೆ ಶುರು, ಜೂನ್ 12ರ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಪ್ರತಿವರ್ಷ ನಾವು ಊರಿಗೆ ಹೋಗುವುದು ಮೇ ತಿಂಗಳಲ್ಲಿ. ಅಜ್ಜಿಮನೆ ಎಂದರೆ ಅವಳಿಗೆ ಹಪ್ಪಳ ಒಣಗುವ ಅಂಗಳ, ಬತ್ತಿದ ಹೊಳೆ, ಬಂಡೆ, ಹಲಸಿನ ತೊಳೆ. ಮಳೆ ಬರುವ ವಾರಕ್ಕೆ ಸರಿಯಾಗಿ ನಾವು ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿದಿರುತ್ತೇವೆ. ಹದಿಮೂರು ವರ್ಷದ ಹುಡುಗಿ, ಮಲೆನಾಡಿನವಳು ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಮಲೆನಾಡಿನ ಒಂದು ಜುಲೈ ತಿಂಗಳನ್ನೂ ಕಂಡಿಲ್ಲ. ಅವಳ ಮಳೆಯೆಲ್ಲ ನಾನು ಹೇಳಿದ್ದು. ನಾನು ಹೇಳಿದ್ದರಲ್ಲಿ ಮಳೆ ಎಷ್ಟು ಜೋರು ಎನ್ನುವುದಿತ್ತು, ಆ ಮಳೆಯಲ್ಲಿ ಜನ ಏನು ಮಾಡುತ್ತಾರೆ ಎನ್ನುವುದು ಇರಲಿಲ್ಲ. ನಾನೇ ಆರಿದ್ರೆಯಲ್ಲಿ ಊರಲ್ಲಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಎಂ.ಟೆಕ್. ಮುಗಿದ ವರ್ಷ ಒಂದು ವಾರ, ಆಮೇಲೆ ಇಲ್ಲ.

ಅಮ್ಮನಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಸ್ಪೀಕರಿನಲ್ಲಿ ಮೊದಲು ಕೇಳಿದ್ದು ಹಂಚಿನ ಮೇಲಿನ ಸದ್ದು. "ಜೋರಾಗಿ ಹೇಳು ಪುಟ್ಟಿ, ಮಳೆ, ಏನೂ ಕೇಳ್ತಿಲ್ಲ" ಎಂದರು ಅಮ್ಮ.

"ಅಜ್ಜೀ, ಮಳೆಗಾಲದಲ್ಲಿ ಹಪ್ಪಳ ಎಲ್ಲಿ ಒಣಗಿಸ್ತೀರಿ?"

ಅಮ್ಮ ನಕ್ಕರು. ಮಳೆಗಾಲದಲ್ಲಿ ಹಪ್ಪಳ ಒಣಗಿಸುವುದಲ್ಲ, ಬೇಸಿಗೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಕೆಂಡದ ಮೇಲೆ ಸುಟ್ಟು ತಿನ್ನುವುದು ಎಂದರು. ಆಮೇಲೆ ಅರ್ಧ ಗಂಟೆ ಮಾತು. ಅಡಿಕೆಗೆ ಕೊಳೆ ಬರದ ಹಾಗೆ ಮಳೆಗೆ ಮುಂಚೆ ಒಮ್ಮೆ ಬೋರ್ಡೋ ಹೊಡೆದಾಗಿದೆ, ಎರಡನೇ ಸಲಕ್ಕೆ ಎರಡು ದಿನದ ಹೊಳವು ಬೇಕು, ಅದು ಸಿಗುತ್ತಿಲ್ಲ. ಹೊಳವು ಸಿಕ್ಕ ದಿನ ಮರ ಹತ್ತುವವರು ಸಿಗುವುದಿಲ್ಲ. ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ, ಎಲ್ಲದಕ್ಕೂ ಹೊಗೆ ವಾಸನೆ. ತೋಟಕ್ಕೆ ಹೋದರೆ ಕಾಲಿಗೆ ಇಂಬಳ. ಕಳಲೆ ಬಂದಿದೆ, ನೀರಲ್ಲಿ ಹಾಕಿಟ್ಟಿದ್ದೇನೆ. ಮೊದಲು ಗೊರಬು ಹೊದ್ದು ಗದ್ದೆಗೆ ಹೋಗುತ್ತಿದ್ದರು, ಈಗ ಎಲ್ಲ ಪ್ಲಾಸ್ಟಿಕ್. ಮಗಳು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ಹೊಳವು ಎಂದರೇನು ಎಂದು ನನ್ನತ್ತ ಕೈಸನ್ನೆ ಮಾಡಿದಳು. ಮಳೆ ಬಿಡುವು ಕೊಟ್ಟು ಬಿಸಿಲು ಬರುವುದು ಎಂದೆ. ಆ ಪದವನ್ನು ನಾನು ಎಷ್ಟು ವರ್ಷದಿಂದ ಬಾಯಿಂದ ಆಡಿರಲಿಲ್ಲವೋ.

ಅಧ್ಯಾಯವನ್ನು ಅವಳು ಮತ್ತೆ ಬರೆದಿದ್ದಾಳೆ. ಈಗ ಅದರಲ್ಲಿ ಮಳೆಯ ವರ್ಣನೆ ನಾಲ್ಕು ಸಾಲೂ ಇಲ್ಲ. ಎರಡು ದಿನದ ಹೊಳವಿಗಾಗಿ ಇಡೀ ಮನೆ ಕಾಯುತ್ತಿದೆ, ಹೊಳವು ಬಂದ ಬೆಳಗ್ಗೆ ಮರ ಹತ್ತುವವನು ಸಿಂಧನೂರಿನ ಹುಡುಗನ ಊರಿನ ಸಂತೆಗೆ ಹೋಗಿಬಿಟ್ಟಿದ್ದಾನೆ. ಅವನನ್ನು ಕರೆತರಲು ಬೆಟ್ಟ ದಾಟಬೇಕು, ಹೋಗಿ ಬರಲು ನಾಲ್ಕು ದಿನ. ಹುಡುಗ ನಕ್ಷೆ ನೋಡಿ ಲೆಕ್ಕ ಹಾಕಿ ಸರಿಯಿದೆ ಎಂದ.

ರಾತ್ರಿ ಅವಳು ಕೇಳಿದಳು. "ಅಪ್ಪಾ, ಜುಲೈಯಲ್ಲಿ ಒಂದು ವಾರ ಶಾಲೆ ತಪ್ಪಿಸಿದ್ರೆ ಏನಾಗುತ್ತೆ?" ಅಮ್ಮನನ್ನು ಕೇಳು ಎಂದೆ. ನನ್ನ ಪ್ರಾಜೆಕ್ಟಿನ ರಿಲೀಸ್ ಇರುವುದು ಜುಲೈ ಎರಡನೇ ವಾರ. ಆರಿದ್ರೆ ಹೇಗೂ ತಪ್ಪಿತು. ಪುಷ್ಯ ಮಳೆ ಹುಟ್ಟುವುದು 20ರ ಸುಮಾರಿಗೆ. ಅಮ್ಮನ ಪ್ರಕಾರ ಅದೂ ಏನು ಕಮ್ಮಿಯಿಲ್ಲ. ಬೆಂಗಳೂರಿನವರೆಗೆ ಮೂರು ಟಿಕೆಟ್ ಕಾಯ್ದಿರಿಸಿದ್ದೇನೆ, ರಜೆಯ ಅರ್ಜಿ ಇನ್ನೂ ಹಾಕಿಲ್ಲ.